ವ್ಯವಹಾರ, ಅವ್ಯವಹಾರ, ಯವ್ವಾರ

'ವ್ಯವಹಾರ' ಪದದ ಬಗ್ಗೆ ನಿಮ್ಮನ್ನು ಒಂದು ವಿಷಯ ಕೇಳಬೇಕು. ದುಡ್ಡಿನ ಮಾತಿನಲ್ಲಿ ಇದರ ಅರ್ಥ ಸಲೀಸು: ಕೊಡುವುದು, ಕೊಳ್ಳುವುದು, ವಹಿವಾಟು. ಆದರೆ 'ಕಚೇರಿಯಲ್ಲಿ ಕನ್ನಡದಲ್ಲೇ ವ್ಯವಹರಿಸಿ' ಎಂದಾಗ ಅಲ್ಲಿ ಮಾರಾಟವೇನೂ ಇಲ್ಲ, ಬರೀ ಮಾತುಕತೆ. 'ವಿದೇಶಾಂಗ ವ್ಯವಹಾರ'ವೂ ವ್ಯಾಪಾರ ಅಲ್ಲ. ಅದ್ವೈತಿಗಳ 'ವ್ಯಾವಹಾರಿಕ ಸತ್ಯ'ದಲ್ಲಂತೂ ನಾವು ದಿನಾ ಬಾಳುವ ಇಡೀ ಲೋಕವೇ ಇದರೊಳಗೆ ಬಂತು.

ನನಗೆ ಜಾಸ್ತಿ ಅಚ್ಚರಿಯಾದದ್ದು ಧರ್ಮಶಾಸ್ತ್ರದ ಬಳಕೆ. ಅಲ್ಲಿ ವ್ಯವಹಾರ ಎಂದರೆ ಮೊಕದ್ದಮೆ! ಯಾಜ್ಞವಲ್ಕ್ಯ ಸ್ಮೃತಿಯಲ್ಲಿ 3 ಅಧ್ಯಾಯಗಳು: ಆಚಾರ, ವ್ಯವಹಾರ, ಪ್ರಾಯಶ್ಚಿತ್ತ. ನಡುವಿನದರಲ್ಲಿ ದೂರು, ಸಾಕ್ಷಿ, ಪತ್ರ, ತೀರ್ಪು ಇವುಗಳದ್ದೇ ಮಾತು. ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ನಮ್ಮ ಕಲ್ಯಾಣದ ವಿಜ್ಞಾನೇಶ್ವರ 'ಮಿತಾಕ್ಷರ' ಎಂಬ ವ್ಯಾಖ್ಯಾನ ಬರೆದದ್ದು ಇದೇ ಸ್ಮೃತಿಗೆ. ಸ್ಮೃತಿಕಾರ ಕಾತ್ಯಾಯನನ ಹೆಸರಿನ ಒಂದು ಶ್ಲೋಕ ಪದವನ್ನು ಹೀಗೆ ಬಿಡಿಸುತ್ತದೆ: 'ವಿ' ಎಂದರೆ ನಾನಾ, 'ಅವ' ಎಂದರೆ ಸಂದೇಹ, 'ಹಾರ' ಎಂದರೆ ಕಳೆಯುವುದು. ನಾನಾ ಸಂದೇಹಗಳನ್ನು ಕಳೆಯುವುದೇ ವ್ಯವಹಾರ. ವ್ಯಾಕರಣಕ್ಕಿಂತ ನ್ಯಾಯಪೀಠಕ್ಕೆ ಹೊಂದಿಸಿದ ವಿವರಣೆ ಇದು ಅನಿಸುತ್ತದೆ. ಆದರೂ ತುಂಬಾ ಚೆಂದ.

ದುಡ್ಡಿಗೂ ದಾವೆಗೂ ನಂಟು ದೂರದ್ದೇನಲ್ಲ. ಮನುಸ್ಮೃತಿ ಹೇಳುವ 18 ಬಗೆಯ ವ್ಯಾಜ್ಯಗಳಲ್ಲಿ ಮೊದಲನೆಯದೇ ಋಣಾದಾನ, ಅಂದರೆ ಸಾಲದ ತಕರಾರು.

ಈಗ ನನ್ನ ಪ್ರಶ್ನೆ. 'ಸಂಘದಲ್ಲಿ ಅವ್ಯವಹಾರ' ಎಂದು ಪತ್ರಿಕೆಯಲ್ಲಿ ಓದಿದರೆ ಯಾರೋ ಹಣ ನುಂಗಿದ್ದಾರೆ ಎಂದೇ ಅರ್ಥ. ವಹಿವಾಟು ನಿಂತಿದೆ ಎಂದು ಯಾರೂ ತಿಳಿಯುವುದಿಲ್ಲ. 'ಅನಾಚಾರ'ದ ಹಾಗೆ ಇಲ್ಲೂ 'ಅ'ಗೆ 'ಕೆಟ್ಟ' ಎಂಬ ಅರ್ಥ ಅನ್ನಬಹುದು. ಆದರೆ 'ಆಚಾರ'ದಲ್ಲಿ ಒಳ್ಳೆಯ ನಡತೆಯ ಭಾವ ಮೊದಲೇ ಇದೆ. 'ವ್ಯವಹಾರ'ದಲ್ಲಿ ಅದು ಎಲ್ಲಿದೆ? ಕಟ್ಟಳೆಯಂತೆ ನಡೆಯುವುದು ಎಂಬ ಹಳೆಯ ನ್ಯಾಯದ ಅರ್ಥ ಇಲ್ಲಿ ಉಳಿದಿರಬಹುದು ಎಂಬುದು ನನ್ನ ಊಹೆ.

ಇದಕ್ಕೆ ಅಡ್ಡ ಬರುವುದು ಆಡುಮಾತಿನ 'ಯವ್ವಾರ'. 'ಅವರಿಬ್ಬರದ್ದೇನೋ ಯವ್ವಾರ ನಡೀತಿದೆ' ಅಂದರೆ 'ಅ' ಇಲ್ಲದೆಯೇ ಅನುಮಾನದ ವಾಸನೆ ಬಂತು, ಅಲ್ವಾ? ನಿಮ್ಮ ಕಡೆಯ ಮಾತಿನಲ್ಲಿ 'ಯವ್ವಾರ'ಕ್ಕೆ ಸುಮ್ನೆ ವ್ಯಾಪಾರ ಎಂಬ ಅರ್ಥ ಇನ್ನೂ ಇದೆಯೇ? ಪತ್ರಿಕೆಗಳು ಬರುವ ಮೊದಲಿನ ಕಾವ್ಯದಲ್ಲೋ ಶಾಸನದಲ್ಲೋ 'ಅವ್ಯವಹಾರ' ಕಂಡಿದ್ದರೆ ಆ ಸಾಲನ್ನು ಇದ್ದ ಹಾಗೇ ಕಳಿಸಿ. ಅಲ್ಲಿನ ಅರ್ಥ ಯಾವುದೆಂದು ನೋಡಬೇಕು.