ಹಳೆ ಜೀಪ್ ಚಾಸಿ ಪಿಕಪ್: 43/8 ಕ್ರೌನ್ ತಗದು 39/8 ಹಾಕಿದ್ರ ಹೆಂಗ? ಡಿಫ್ ಲಾಕ್ ಬೇಕಾ?

ಚಿತ್ತಾಪುರ ಲೋಡ್:

ಜೀಪ್ ಚಾಸಿ ಮ್ಯಾಲಿನ ಹಳೆ ಡೀಸೆಲ್ ಪಿಕಪ್ ಅದ. ಟು-ವೀಲ್ ಡ್ರೈವ್, ನಾಲ್ಕು ಗೇರು, ಟಾಪ್ ಗೇರ್ ಡೈರೆಕ್ಟ್. ಹಿಂದಿನ ಆಕ್ಸಲ್ ಹತ್ತು ಬೋಲ್ಟ್ ಕವರಿಂದು, ಡಾನಾ 44 ಅನ್ನೋ ಆಕ್ಸಲ್ ಮಾಡೆಲ್ ನಮೂನಿ. ಕವರ್ ಬಿಚ್ಚಿ ಎಣಿಸಿದ್ರ ಡಿಫ್ ಒಳಗಿನ ದೊಡ್ಡ ಹಲ್ಲಿನ ಚಕ್ರಕ್ಕ, ಅಂದ್ರ ಕ್ರೌನ್‌ಗೆ 43 ಹಲ್ಲು, ಅದನ್ನ ತಿರುಗಿಸೋ ಸಣ್ಣ ಪಿನಿಯನ್‌ಗೆ 8. ಟಯರ್ 6.00-16. ಮೊದಲು ಶಹಾಬಾದ್ ಫರ್ಸಿ ಹೊರತಿದ್ದ ಗಾಡಿ, ಈಗ ತೊಗರಿ, ಕಾಯಿಪಲ್ಲೆ ಹೇರಿಕೊಂಡು ಹುಮನಾಬಾದ್ ಮ್ಯಾಲಿಂದ ಜಹೀರಾಬಾದ್ ಕಡೆ ಹೆದ್ದಾರಿ ಹಿಡೀತದ. 60 ದಾಟಿದ್ರ ಇಂಜಿನ್ ಚೀರ್ತದ.

ಗುಜರಿ ಅಂಗಡ್ಯಾಗ 39/8 ಸೆಟ್ ಒಂದ್ ಅದ ಅಂದಾರ. ಕ್ರೌನ್-ಪಿನಿಯನ್ ಅಷ್ಟೇ ಬದಲಿಸಿದ್ರ ನಡೀತದೇನ್ರಿ? ಇನ್ನೂ ಮುಂದ ಹೋಗಿ 47/11 ಹಾಕಬಹುದಾ? ಇನ್ನೊಂದು, ಮಳಿ ಬಿದ್ದಾಗ ಎರಿ ಹೊಲದಾಗ ಒಂದೇ ಗಾಲಿ ಸುತ್ತಕೋತ ನಿಂತ್ಬಿಡ್ತದ. ಬಿಚ್ಚಿದ ಕೈಲೆ ಸ್ಪೈಡರ್ ಗೇರ್ (ತಿರುವಿನಾಗ ಎರಡು ಗಾಲಿಗೆ ಬ್ಯಾರೆ ಬ್ಯಾರೆ ವೇಗ ಕೊಡೋ ಡಿಫ್ ಒಳಗಿನ ಸಣ್ಣ ಗೇರು) ವೆಲ್ಡ್ ಮಾಡಿಬಿಡ್ರಿ ಅಂತ ಒಬ್ಬರು ಹೇಳ್ಯಾರ.

ಹುಮನಾಬಾದ್ ನಾಕಾ:

ಮೊದಲು ಲೆಕ್ಕ ಹಾಕ್ರಿ, ಆಮ್ಯಾಲ ಪಾನಾ ಹಿಡೀರಿ. 6.00-16 ಟಯರ್ ಒಂದು ಸುತ್ತಿಗೆ ಅಂದಾಜು 2.25 ಮೀಟರ್ ಹೋಗ್ತದ, ಅಂದ್ರ ಕಿಲೋಮೀಟರಿಗೆ 444 ಸುತ್ತು. 60ರ ವೇಗ ಅಂದ್ರ ನಿಮಿಷಕ್ಕ ಒಂದು ಕಿಲೋಮೀಟರ್. ಈಗಿನ 43/8, ಅಂದ್ರ 5.38ರಾಗ ಇಂಜಿನ್ ಸುಮಾರು 2390 ಸುತ್ತಬೇಕು. 39/8, ಅಂದ್ರ 4.88 ಹಾಕಿದ್ರ 2170. 47/11, ಅಂದ್ರ 4.27 ಹಾಕಿದ್ರ 1900. 80ರಾಗ ಇವೇ ಲೆಕ್ಕ 3185, 2890, 2530 ಆಗ್ತಾವ.

ಕೇಳಲಿಕ್ಕ 4.27 ಚಂದ ಕಾಣ್ತದ. ಆದ್ರ ಎಳಿಯೋ ಶಕ್ತಿ ಅಷ್ಟೇ ಕಡಿಮಿ ಆಗ್ತದ: 4.88ಕ್ಕ ಹೋದ್ರ ಎಲ್ಲಾ ಗೇರಿನಾಗೂ ಶೇ. 9ರಷ್ಟು, 4.27ಕ್ಕ ಹೋದ್ರ ಶೇ. 20ರಷ್ಟು. ಲೋಡ್ ಹೇರಿ ಬೀದರ್ ಕಡೆ ಏರು ಹತ್ತುವಾಗ ಟಾಪಿನಾಗ ಎಳಿಯಲಾರದೆ ಥರ್ಡಿಗೆ ಬರ್ತೀರಿ, ಅಲ್ಲಿ ಮತ್ತ ಅದೇ ಚೀರಾಟ. ಫಸ್ಟ್ ಗೇರಿನಾಗ ಕ್ಲಚ್ ಹೆಚ್ಚು ಒತ್ತಿ ಎತ್ತಬೇಕಾಗ್ತದ, ಪ್ಲೇಟ್ ಬ್ಯಾಗ ಹೋಗ್ತದ. ಲೋಡ್ ಗಾಡಿಗೆ 4.88 ಮುಗೀತು. 4.27 ಖಾಲಿ ಓಡಾಡೋರಿಗೆ, ಇಲ್ಲಾ ಟಯರ್ ಸೈಜ್ ಚಿಕ್ಕದು ಮಾಡಿದೋರಿಗೆ.

ಡಾನಾ 44ರಾಗ 3.92 ಮತ್ತ ಅದಕಿಂತ ಹೆಚ್ಚಿನ ನಂಬರಿಗೆ ಒಂದು ಕೇಸ್ (ಕ್ರೌನ್ ಕೂಡಿಸೋ ಡಬ್ಬಿ), 3.73 ಮತ್ತ ಕೆಳಗಿನವಕ್ಕ ಬ್ಯಾರೆ ಕೇಸ್. ನಿಮ್ಮ 5.38ರ ಕೇಸ್ ಮ್ಯಾಲ 4.88 ಸೀದಾ ಕುಂಡ್ರತದ. ಯಾರಾದ್ರೂ 41/11 ಅಗ್ಗಕ್ಕ ಸಿಗ್ತದ ಅಂದ್ರ ತರಬ್ಯಾಡ್ರಿ, ಅದಕ್ಕ ಕೇಸ್ ಸುದ್ದಾ ಬೇಕಾಗ್ತದ.

ಸ್ಪೀಡೋಮೀಟರ್ ಕೇಬಲ್ ಗೇರ್‌ಬಾಕ್ಸ್ ಕಡಿಂದ ಬರೋದ್ರಿಂದ 4.88 ಹಾಕಿದ ಮ್ಯಾಲ ಮುಳ್ಳು 60 ತೋರಿಸಿದ್ರ ಗಾಡಿ ಖರೇ 66ರಾಗ ಇರ್ತದ. ಇದನ್ನ ಮರೆತು ಬ್ರೇಕ್ ಹೊಡಿಯೋರು ಭಾಳ ಮಂದಿ. ಫೋರ್-ವೀಲ್ ಗಾಡಿ ಇದ್ದೋರು ಇದನ್ನ ಓದಿದ್ರ: ಮುಂದಿನ ಆಕ್ಸಲ್ಲೂ ಅದೇ ರೇಷಿಯೋ ಇರಬೇಕು, ಇಲ್ಲಾಂದ್ರ ಗಟ್ಟಿ ನೆಲದ ಮ್ಯಾಲ ಫೋರ್-ವೀಲ್ ಹಾಕಿದ್ರ ಟ್ರಾನ್ಸ್‌ಫರ್ ಕೇಸ್ ತಿಂದು ಹಾಕ್ತದ.

ಭೀಮಾತೀರ ಗ್ಯಾರೇಜ್:

ಲೆಕ್ಕ ಸರಿ ಅದ. ಕೆಲಸದ ವಿಷಯ ನಾ ಹೇಳ್ತೀನಿ. ಕ್ರೌನ್-ಪಿನಿಯನ್ ಅಂದ್ರ ಹಳೇದು ತಗದು ಹೊಸದು ಇಟ್ಟು ಬೋಲ್ಟ್ ಬಿಗಿಯೋ ಕೆಲಸ ಅಲ್ಲ. ಸಾವಿರ ಕಿಲೋಮೀಟರಿನಾಗ ಗುಂಯ್ ಅಂತ ಕೂಗಿ ಹಲ್ಲು ಉದುರೋ ಡಿಫ್‌ಗಳೆಲ್ಲಾ ಹಂಗ ಬಿಗದವೇ.

ಬೇರಿಂಗ್ ಕ್ಯಾಪ್ ಬಿಚ್ಚೋ ಮೊದಲು ಎಡ-ಬಲಕ್ಕ ಪಂಚಿಂದ ಗುರುತು ಹೊಡೀರಿ. ಕ್ಯಾಪ್ ಅದಲ-ಬದಲ ಆದ್ರ ಹೌಸಿಂಗ್ ಹೋದಂಗ. ಕೇಸ್ ಬೇರಿಂಗ್ ಕೆಳಗಿನ ಶಿಮ್ (ಅಳತಿ ಹೊಂದಿಸೋ ತೆಳು ಬಿಲ್ಲಿ) ಎಡದ್ದು ಬ್ಯಾರೆ, ಬಲದ್ದು ಬ್ಯಾರೆ ಪುಡಿಕಿ ಕಟ್ಟಿ, ದಪ್ಪ ಅಳೆದು ಬರದಿಡ್ರಿ. ಪಿನಿಯನ್ ಆಳದ ಶಿಮ್ ಹೌಸಿಂಗ್ ಒಳಗ ದೊಡ್ಡ ಬೇರಿಂಗ್ ಕಪ್ಪಿನ ಹಿಂದ ಕುಂತಿರ್ತದ. ಕಪ್ ಬಡದು ತಗಿಯುವಾಗ ಅದು ಹರೀತದ, ಹರಿದ್ರೂ ಚೂರು ಕೂಡಿಸಿ ಮೈಕ್ರೋಮೀಟರಿನಾಗ ಅಳೀರಿ.

ಈಗ ಪಿನಿಯನ್ ತಲಿ ಮ್ಯಾಲ ಕೊರದಿರೋ ನಂಬರ್ ನೋಡ್ರಿ: +2, -1, 0 ಹಿಂಗಿರ್ತದ. ಅದು ಇಂಚಿನ ಸಾವಿರದ ಲೆಕ್ಕ, ಒಂದಕ್ಕ 0.025 ಮಿ.ಮೀ. ಹಳೇದು +2, ಹೊಸದು -1 ಇದ್ರ ಫರಕು ಮೂರು, ಹಳೇ ಶಿಮ್ಮಿಗೆ 0.075 ಕೂಡಿಸಬೇಕು. ಉಲ್ಟಾ ಇದ್ರ ಕಳೀಬೇಕು. ಇದು ಬರೀ ಶುರುವಾತು, ಕಡಿ ಮಾತು ಹಲ್ಲಿನ ಗುರುತಿಂದು.

ಪ್ರತಿ ಸಲ ಹೊಸ ಕಪ್ ಹೊಡದು ತಗದು ಮಾಡಿದ್ರ ಹೌಸಿಂಗ್ ಸವೀತದ. ಹಳೇ ಕಪ್ಪಿನ ಹೊರಮೈ, ಹಳೇ ಕೇಸ್ ಬೇರಿಂಗಿನ ಒಳಮೈ ಸ್ವಲ್ಪ ಗ್ರೈಂಡ್ ಮಾಡಿ ಕೈಲೆ ಕುಂಡ್ರೋಹಂಗ ಮಾಡ್ಕೋರಿ. ಅಳತಿ ಎಲ್ಲಾ ಅದರ ಮ್ಯಾಲ ಮುಗಿಸಿ, ಕೊನಿಗೆ ಹೊಸ ಬೇರಿಂಗ್ ಪ್ರೆಸ್ ಮಾಡ್ರಿ.

ಪಿನಿಯನ್ ನಟ್ ಹೊಸದೇ ಹಾಕಿ 270ರಿಂದ 300 ನ್ಯೂಟನ್-ಮೀಟರ್ ಬಿಗೀರಿ. ಈ ಆಕ್ಸಲ್‌ನಾಗ ಜಜ್ಜೋ ಸ್ಲೀವ್ ಇಲ್ಲ, ಬೇರಿಂಗ್ ಬಿಗಿ ಬರೋದು ಶಾಫ್ಟ್ ಮ್ಯಾಲಿನ ಶಿಮ್ಮಿಂದ. ಆಯಿಲ್ ಸೀಲ್ ಹಾಕೋ ಮೊದಲು, ಕ್ರೌನ್ ಇನ್ನೂ ಕೂಡಿಸಿರದಾಗ ಯೋಕಿಗೆ (ಪಿನಿಯನ್ ತುದಿಗೆ ಪ್ರೊಪೆಲ್ಲರ್ ಶಾಫ್ಟ್ ಕೂಡೋ ತುಂಡು) ಹಗ್ಗ ಸುತ್ತಿ, ಚೀಲ ತೂಗೋ ಕೊಕ್ಕಿ ಕಾಟಾ ಹಚ್ಚಿ ಎಳೀರಿ. ಹಗ್ಗ ನಡುವಿಂದ 5 ಸೆಂ.ಮೀ. ದೂರ ಇದ್ರ, ಹೊಸ ಬೇರಿಂಗಿಗೆ ಒಂದೇ ಸಮ ತಿರುಗುವಾಗ ಕಾಟಾ 4.5ರಿಂದ 9 ಕಿಲೋ ತೋರಿಸಬೇಕು. ಕಡಿಮಿ ಬಂದ್ರ ಶಿಮ್ ತಗೀರಿ, ಹೆಚ್ಚು ಬಂದ್ರ ಹಾಕ್ರಿ. ನಟ್ ಸಡಿಲು ಬಿಟ್ಟು ಹೊಂದಿಸಿದೋರ ಪಿನಿಯನ್ ಮುಂದ ಬಂದು ಕ್ರೌನ್ ಕಚ್ತದ.

ಕ್ರೌನ್ ಕೇಸ್ ಮ್ಯಾಲ ಹತ್ತಲಿಲ್ಲಾಂದ್ರ ಗ್ಯಾಸ್ ಕಟರ್ ಹಿಡೀಬ್ಯಾಡ್ರಿ, ಹಲ್ಲಿನ ಪಾನಿ, ಅಂದ್ರ ಗಡಸುತನ ಇಳೀತದ. ಕುದಿಯೋ ನೀರಿನಾಗ ಹತ್ತು ನಿಮಿಷ ಇಟ್ರ ಸಾಕು. ನಮ್ಮ ಕಡಿ ಮೇ ತಿಂಗಳ ಬಿಸಿಲಿಗೆ ತಗಡಿನ ಮ್ಯಾಲ ಇಟ್ರೂ ಅರ್ಧ ಕೆಲಸ ಆಗ್ತದ ಅನ್ರಿ. ಬೋಲ್ಟ್ ಹೊಸವು, ದಾರಕ್ಕ ಥ್ರೆಡ್ ಲಾಕ್, ಎದುರು-ಬದುರು ಬಿಗೀರಿ.

ಬ್ಯಾಕ್‌ಲ್ಯಾಶ್ (ಹಲ್ಲು-ಹಲ್ಲಿನ ನಡುವಿನ ಸಡಿಲು) ಡಯಲ್ ಗೇಜಿನಾಗ 0.15ರಿಂದ 0.20 ಮಿ.ಮೀ., ನಾಕು ಕಡಿ ನೋಡಿದ್ರ ಫರಕು 0.05 ದಾಟಬಾರದು. ದಾಟಿದ್ರ ಕ್ರೌನ್ ಕೆಳಗ ಕಸ ಕುಂತದ. ಒಂದು ಮಗ್ಗಲಿಂದ ಇನ್ನೊಂದು ಮಗ್ಗಲಿಗೆ 0.10 ಶಿಮ್ ಸರಿಸಿದ್ರ ಬ್ಯಾಕ್‌ಲ್ಯಾಶ್ ಸುಮಾರು 0.07 ಬದಲಾಗ್ತದ. ಹೊಂದಿದ ಮ್ಯಾಲ ಕೇಸ್ ಬೇರಿಂಗಿಗೆ ಬಿಗಿ ಬರಲಿಕ್ಕ ಎರಡೂ ಕಡಿ ಸೇರಿ 0.38ರಷ್ಟು ಹೆಚ್ಚಿಗಿ ಹಾಕಿ ಕೇಸ್ ಒಳಗ ತಟ್ಟಿ ಕೂಡಿಸ್ರಿ. ಕ್ಯಾಪ್ ಬೋಲ್ಟ್ 100ರಿಂದ 120 ನ್ಯೂಟನ್-ಮೀಟರ್.

ಆಮ್ಯಾಲ ಸಿಂಧೂರ ಎಣ್ಣ್ಯಾಗ ಕಲಸಿ ಐದಾರು ಹಲ್ಲಿಗೆ ಹಚ್ಚಿ, ಕ್ರೌನ್‌ಗೆ ಕಟ್ಟಿಗಿ ಒತ್ತಿ ಹಿಡಿದು ಪಿನಿಯನ್ ತಿರುಗಿಸ್ರಿ. ಗುರುತು ಹಲ್ಲಿನ ಬುಡಕ್ಕ ಇಳಿದ್ರ ಪಿನಿಯನ್ ಭಾಳ ಒಳಗ ಬಂದದ, ಆಳದ ಶಿಮ್ ಕಡಿಮಿ ಮಾಡ್ರಿ. ತುದಿಗೆ ಏರಿದ್ರ ಶಿಮ್ ಕೂಡಿಸ್ರಿ. ನಡುವ ಎತ್ತರದಾಗ ಬಂದ್ರ ಸಾಕು, ಪುಸ್ತಕದಾಗಿನ ಚಿತ್ರದಂಗ ಬರಬೇಕಂತಿಲ್ಲ.

ಆಯಿಲ್ ಜಿಎಲ್-5 ದರ್ಜೆಯ 80ಡಬ್ಲ್ಯೂ-90, ತುಂಬೋ ತೂತಿನ ಅಂಚಿಗೆ ಬರೋತನಕ. ಕವರಿನ ಬ್ರೀದರ್ ಕಟ್ಟಿದ್ರ ಆಯಿಲ್ ಚಕ್ರದ ಡ್ರಮ್ಮಿಗೆ ಇಳೀತದ, ಬಿಚ್ಚಿ ಊದ್ರಿ. ಮೊದಲ ಸಲ ಖಾಲಿ ಗಾಡಿ ಇಪ್ಪತ್ತು-ಇಪ್ಪತ್ತೈದು ಕಿಲೋಮೀಟರ್ ಓಡಿಸಿ, ಅರ್ಧ ತಾಸು ತಣ್ಣಗ ಬಿಡ್ರಿ, ಹಿಂಗ ಮೂರು-ನಾಕು ಸಲ. 800 ಕಿಲೋಮೀಟರ್ ತನಕ ಲೋಡ್ ಬ್ಯಾಡ, ಅದಾದ ಮ್ಯಾಲ ಆಯಿಲ್ ಬದಲಿಸ್ರಿ. ಸುಳ್ಳಲ್ಲ, ಆ ಆಯಿಲ್ ಬೆಳ್ಳಿ ಪುಡಿ ಕಲಸಿದಂಗ ಬರ್ತದ.

ಸುರಪುರ ಗುಡ್ಡ:

ವೆಲ್ಡಿಂಗ್ ಬಗ್ಗೆ: ಬೇಡ. ವೆಲ್ಡ್ ಆದ ಡಿಫ್ ತಿರುವಿನಲ್ಲಿ ಎರಡೂ ಗಾಲಿಗಳನ್ನು ಒಂದೇ ವೇಗದಲ್ಲಿ ತಿರುಗಿಸುತ್ತದೆ. ಡಾಂಬರಿನ ಮೇಲೆ ಹೊರೆ ಇದ್ದಾಗ ಟಯರ್ ಜಾರಲು ಆಗುವುದಿಲ್ಲ, ಆ ತಿರುಚು ಹೋಗಿ ಆಕ್ಸಲ್ ಶಾಫ್ಟ್ ಮೇಲೆ ಬೀಳುತ್ತದೆ. ಮಳೆಯ ಹೆದ್ದಾರಿಯಲ್ಲಿ ಹಿಂಭಾಗ ಎಳೆದುಕೊಂಡು ಹೋಗುತ್ತದೆ. ಆಮೇಲೆ ಬಿಡಿಸುವ ಹಾದಿಯೂ ಇಲ್ಲ.

ಲಿಮಿಟೆಡ್ ಸ್ಲಿಪ್ ಅಥವಾ ಲಾಕರ್ (ಒಂದೇ ಗಾಲಿ ಸುತ್ತದಂತೆ ತಡೆಯುವ ಡಿಫ್) ತರುವುದಾದರೆ ಮೊದಲು ಶಾಫ್ಟಿನ ಸ್ಪ್ಲೈನ್ (ತುದಿಯಲ್ಲಿ ಕೊರೆದ ಉದ್ದುದ್ದ ಹಲ್ಲು) ಎಣಿಸಿ. ಡಾನಾ 44 ಶಾಫ್ಟ್‌ಗಳಲ್ಲಿ 10, 19, 30 ಮೂರೂ ಇವೆ, ಒಂದಕ್ಕೊಂದು ಹೊಂದುವುದಿಲ್ಲ. ಇನ್ನು ನಿಜ ಹೇಳಬೇಕೆಂದರೆ ನಮ್ಮ ಎರೆಮಣ್ಣಿಗೆ ಲಾಕರ್ ಅಷ್ಟೇನೂ ಉಪಯೋಗವಿಲ್ಲ. ಹಸಿ ಎರೆ ಟಯರಿನ ತೋಡುಗಳಿಗೆ ಮೆತ್ತಿಕೊಂಡು ಗಾಲಿ ಲಡ್ಡುವಿನಂತಾದ ಮೇಲೆ, ಒಂದು ಗಾಲಿ ಕೊರೆಯುವಲ್ಲಿ ಎರಡು ಗಾಲಿ ಕೊರೆಯುತ್ತವೆ. ಆಳವಾದ ತೋಡಿನ ಲಗ್ ಟಯರ್, ಗಾಳಿ 20 ಪೌಂಡಿಗೆ ಇಳಿಸುವುದು, ಸರಪಳಿ, ಇವೇ ಮೊದಲ ಮದ್ದು. ಟ್ಯೂಬ್ ಟಯರಿನಲ್ಲಿ ಅದಕ್ಕಿಂತ ಕಡಿಮೆ ಮಾಡಿದರೆ ಟಯರ್ ರಿಮ್ಮಿನ ಮೇಲೆ ಸರಿದು ವಾಲ್ವ್ ಕಿತ್ತುಬರುತ್ತದೆ. ರೋಡಿಗೆ ಬಂದ ಕೂಡಲೇ ಗಾಳಿ ತುಂಬಿಸಿ.

ಒಂದೇ ಗಾಲಿ ಸುತ್ತುವಾಗ ಹ್ಯಾಂಡ್‌ಬ್ರೇಕ್ ಎರಡು-ಮೂರು ಹಲ್ಲು ಎಳೆದು ನಿಧಾನ ಆಕ್ಸಿಲರೇಟರ್ ಕೊಟ್ಟರೆ ಇನ್ನೊಂದು ಗಾಲಿಗೂ ಎಳೆತ ಸಿಗುತ್ತದೆ. ಹ್ಯಾಂಡ್‌ಬ್ರೇಕ್ ಹಿಂದಿನ ಡ್ರಮ್ಮಿನಲ್ಲಿದ್ದರೆ ಮಾತ್ರ. ಹಳೆಯ ಜೀಪುಗಳಲ್ಲಿ ಅದು ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಇರುತ್ತದೆ, ಅಲ್ಲಿ ಎಳೆದರೆ ಎರಡೂ ಗಾಲಿಯ ಶಕ್ತಿ ಕಡಿಮೆಯಾಗುವುದಷ್ಟೇ.

ಚಿತ್ತಾಪುರ ಲೋಡ್:

ಎಲ್ಲಾರಿಗೂ ಶರಣ್ರಿ. ವೆಲ್ಡಿಂಗ್ ಕೈಬಿಟ್ಟೆ. ಗುಜರಿ ಸೆಟ್ ನೋಡಿ ಬಂದೆ: ಹಲ್ಲು 39/8 ಖರೇ, ಆದ್ರ ಕ್ರೌನ್ ಅಂಚಿಗೆ ಒಂದು ನಂಬರ್, ಪಿನಿಯನ್ ತಲಿಗೆ ಇನ್ನೊಂದು ನಂಬರ್ ಕೊರದದ. ಪಿನಿಯನ್ ತಲಿ ಮ್ಯಾಲ +1 ಕೂಡ ಅದ. ಹಲ್ಲು ಮುಟ್ಟಿದ್ರ ನುಣುಪು ಅವ.

ಭೀಮಾತೀರ ಗ್ಯಾರೇಜ್:

ಬಿಟ್ಟು ಬರ್ರಿ. ಕ್ರೌನ್, ಪಿನಿಯನ್ ಕಾರ್ಖಾನ್ಯಾಗ ಜೋಡಿ ಮಾಡಿ ತಿಕ್ಕಿರ್ತಾರ, ಎರಡರ ಮ್ಯಾಲೂ ಅದೇ ಜೋಡಿ ನಂಬರ್ ಇರಬೇಕು. ಬ್ಯಾರೆ ಬ್ಯಾರೆ ಗಾಡಿದು ಕೂಡಿಸಿದ್ರ ಸಿಂಧೂರದ ಗುರುತು ಎಷ್ಟು ಸರಿ ಮಾಡಿದ್ರೂ ಕೂಗೋದು ನಿಲ್ಲಂಗಿಲ್ಲ. +1 ಆಳದ ನಂಬರ್, ಜೋಡಿ ನಂಬರ್ ಅಲ್ಲ, ಅಂಗಡ್ಯಾಂವ ಅದನ್ನ ತೋರಿಸಿ ಹೊಂದತದ ಅಂದ್ರ ನಂಬಬ್ಯಾಡ್ರಿ.

ಜೋಡಿ ಕೂಡಿದ ಹಳೇ ಸೆಟ್ ಸಿಕ್ಕರೂ ಅದು ಸವದ ಜಾಗಕ್ಕೇ ಮತ್ತ ಕುಂಡ್ರಬೇಕು, ಹೊಸದರ ಅಳತಿ ಅದಕ್ಕ ನಡಿಯಂಗಿಲ್ಲ. ಅದಕಿಂತ 39/8ದು ಪೂರ್ತಿ ಆಕ್ಸಲ್ ಕೇಳಿ ನೋಡ್ರಿ, ಬಿಚ್ಚದೇ ಇದ್ದದ್ದು. ತರೋ ಮೊದಲು ಡ್ರಮ್ಮಿಂದ ಡ್ರಮ್ಮಿಗೆ ಅಗಲ, ಕಮಾನ್ ಪಟ್ಟಿ ಕುಂಡ್ರೋ ಪ್ಯಾಡಿನ ಅಂತರ, ಯೋಕಿನ ಕ್ರಾಸ್ ಸೈಜ್, ಈ ಮೂರನ್ನೂ ಟೇಪ್ ಹಿಡಿದು ಅಳೀರಿ. ಡ್ರಮ್ ಹಿಡಿದು ಒಂದು ಗಾಲಿ ತಿರುಗಿಸಿ, ಕವರ್ ತೂತಿನಾಗ ಬೆರಳು ಹಾಕ್ರಿ. ಆಯಿಲ್ ಕರ್ರಗಿದ್ರ ಚಿಂತಿ ಇಲ್ಲ, ಬೆರಳಿಗೆ ಚೂರು ಹತ್ತಿದ್ರ ಅಲ್ಲೇ ಬಿಡ್ರಿ.