ಕಿಟ್ ಬೇಡ ಪುಟ್ಟಿ, ನಾಲ್ಕು ಬಟ್ಟಲು ಸಾಕು

ಪುಟ್ಟಿ, ನಿನ್ನ ಮೆಸೇಜ್ ನಿನ್ನೆ ರಾತ್ರಿಯೇ ನೋಡಿದೆ. ಉತ್ತರ ಉದ್ದ ಆಗುತ್ತದೆ ಅಂತ ಗೊತ್ತಿತ್ತು, ಅದಕ್ಕೆ ಈಗ ಕಾಫಿ ಕುಡಿದು ಜಗಲಿಯಲ್ಲಿ ಕೂತಿದ್ದೇನೆ. ವಾಯ್ಸ್ ಕಳಿಸಿದರೆ ಈ ಗ್ರೂಪಿನಲ್ಲಿ ಯಾರೂ ಹತ್ತು ನಿಮಿಷ ಕೇಳುವುದಿಲ್ಲ. ನಿಮ್ಮ ದೊಡ್ಡಪ್ಪನೇ ನನ್ನ ವಾಯ್ಸನ್ನು ಒಂದೂವರೆ ಸ್ಪೀಡಿನಲ್ಲಿ ಓಡಿಸುತ್ತಾರೆ. ಹಾಗಾಗಿ ನಾನು ಮಾತಾಡುತ್ತಾ ಹೋಗುತ್ತೇನೆ, ಫೋನೇ ಟೈಪ್ ಮಾಡಿಕೊಳ್ಳಲಿ. ಎಲ್ಲಾದರೂ ಕಾಗುಣಿತ ತಪ್ಪಿದ್ದರೆ ಫೋನಿಗೆ ಬೈಯಿರಿ.

ನೀನು ಕೇಳಿದ್ದು ಇಷ್ಟು. ಮಗನಿಗೆ ಎಂಟು ವರ್ಷ, ಬೇಸಿಗೆ ರಜೆ, ಇಡೀ ದಿನ ಫೋನಿನಲ್ಲಿ ಸೈನ್ಸ್ ವಿಡಿಯೋ ನೋಡುತ್ತಾನೆ. ಎರಡೂವರೆ ಸಾವಿರದ ಒಂದು ಕಿಟ್ ಇದೆ, ಅದರಲ್ಲಿ ನೂರು ಪ್ರಯೋಗ ಮಾಡಬಹುದಂತೆ. ತರಿಸಲಾ, ಬೇಡವಾ? ಜೊತೆಗೆ ‘ನಾನು ಕಾಮರ್ಸ್ ಓದಿದವಳು, ನನಗೇನೂ ಗೊತ್ತಿಲ್ಲ ದೊಡ್ಡಮ್ಮ’ ಅಂತ ಬೇರೆ ಬರೆದಿದ್ದೀಯ. ನಿಮ್ಮ ಮಾವ ‘ತರಿಸು, ದುಡ್ಡು ನಾನು ಕೊಡುತ್ತೇನೆ’ ಅಂದಿದ್ದಾನೆ. ದುಡ್ಡು ಇಸ್ಕೋ. ಕಿಟ್ ತರಿಸಬೇಡ.

ಕಿಟ್ ಕೆಟ್ಟದ್ದು ಅಂತ ಅಲ್ಲ. ಅದರ ಜೊತೆ ಒಂದು ಸಣ್ಣ ಪುಸ್ತಕ ಬರುತ್ತದಲ್ಲ, ತಕರಾರು ಅದರದ್ದು. ಏನಾಗುತ್ತದೆ, ಯಾಕಾಗುತ್ತದೆ, ಎರಡೂ ಮೊದಲೇ ಅಚ್ಚಾಗಿರುತ್ತದೆ. ಹುಡುಗ ಮಾಡುತ್ತಾನೆ, ಬರೆದ ಹಾಗೇ ಆಗುತ್ತದೆ, ಚಪ್ಪಾಳೆ. ಆಗಲಿಲ್ಲ ಅಂದರೆ ಕಿಟ್ ಸರಿಯಿಲ್ಲ ಅಂತ ಮಂಚದ ಕೆಳಗೆ ತಳ್ಳುತ್ತಾನೆ. ತಲೆ ಕೆರೆದುಕೊಳ್ಳುವ ಪ್ರಸಂಗವೇ ಬರುವುದಿಲ್ಲ. ಅಡಿಗೆ ಸೋಡಾಕ್ಕೆ ವಿನೆಗರ್ ಸುರಿದು ಜ್ವಾಲಾಮುಖಿ ಮಾಡುವುದಿದೆಯಲ್ಲ, ಅದು ನನ್ನ ಲೆಕ್ಕದಲ್ಲಿ ಪಟಾಕಿ. ಪಟಾಕಿಯೂ ಬೇಕು, ದೀಪಾವಳಿಗೆ.

ಇದು ನನಗೆ ಹೇಗೆ ಗೊತ್ತಾಯಿತು ಹೇಳುತ್ತೇನೆ. ನಾನು ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದಾಗ ಪ್ರತಿ ವರ್ಷ ಮೇಣದಬತ್ತಿ ಪ್ರಯೋಗ ಮಾಡಿ ತೋರಿಸುತ್ತಿದ್ದೆ. ನೀನೂ ಮಾಡಿರುತ್ತೀಯ. ತಟ್ಟೆಯಲ್ಲಿ ನೀರು, ಮಧ್ಯೆ ಉರಿಯುವ ಮೇಣದಬತ್ತಿ, ಮೇಲೆ ಗಾಜಿನ ಲೋಟ ಕವುಚಿ ಹಾಕುವುದು. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ‘ನೋಡಿ ಮಕ್ಕಳೇ, ಗಾಳಿಯಲ್ಲಿ ಐದನೇ ಒಂದು ಭಾಗ ಆಮ್ಲಜನಕ. ಅದು ಉರಿದು ಖಾಲಿಯಾಯಿತು, ಆ ಜಾಗಕ್ಕೆ ನೀರು ಬಂತು.’ ಎಂಟು ವರ್ಷ ಇದೇ ಹೇಳಿದ್ದೇನೆ. ಎಷ್ಟು ಚೆಂದದ ಮಾತು ಅಲ್ವಾ? ಲೋಟಕ್ಕೆ ಗೆರೆ ಎಳೆದು ಐದನೇ ಒಂದು ಅಂತ ತೋರಿಸಿಯೂ ಇದ್ದೇನೆ.

ಒಂದು ವರ್ಷ ಕೊನೆಯ ಬೆಂಚಿನ ಹುಡುಗಿ ಒಬ್ಬಳು ‘ಟೀಚರ್, ಮೂರು ಬತ್ತಿ ಇಟ್ಟರೆ?’ ಅಂದಳು. ಇಡು ಅಂದೆ. ಮೂರು ತುಂಡು ಬತ್ತಿ ಹಚ್ಚಿ ಅದೇ ಲೋಟ ಕವುಚಿದಳು. ನೀರು ಮೊದಲಿಗಿಂತ ಎಷ್ಟೋ ಮೇಲೆ ಏರಿತು. ‘ಟೀಚರ್, ಲೋಟ ಅದೇ ಅಲ್ವಾ? ಆಮ್ಲಜನಕ ಜಾಸ್ತಿ ಎಲ್ಲಿಂದ ಬಂತು?’ ನನಗೆ ಬಾಯಿ ಕಟ್ಟಿತು. ಪುಣ್ಯಕ್ಕೆ ಬೆಲ್ ಹೊಡೆಯಿತು. ನಾಳೆ ಹೇಳುತ್ತೇನೆ ಅಂದು ಸ್ಟಾಫ್ ರೂಮಿಗೆ ಬಂದೆ.

ಆ ರಾತ್ರಿ ಊಟ ಆದ ಮೇಲೆ ಅಡಿಗೆಮನೆ ನೆಲದಲ್ಲಿ ಕೂತು ಹತ್ತು ಹನ್ನೆರಡು ಸಲ ಮಾಡಿದೆ. ದೊಡ್ಡಪ್ಪ ಟಾರ್ಚ್ ಹಿಡಿದಿದ್ದರು. ಎಂಟು ವರ್ಷದಲ್ಲಿ ಮೊದಲ ಸಲ ನಾನು ಲೋಟವನ್ನು ಸರಿಯಾಗಿ ನೋಡಿದ್ದು ಅವತ್ತೇ. ಬತ್ತಿ ಉರಿಯುವಷ್ಟು ಹೊತ್ತು ನೀರು ಹೆಚ್ಚೇನೂ ಅಲ್ಲಾಡುವುದಿಲ್ಲ. ಲೋಟ ಕವುಚುವಾಗ ಅಂಚಿನಿಂದ ಬುಳುಬುಳು ಅಂತ ಗುಳ್ಳೆ ಹೊರಗೆ ಬರುತ್ತವೆ. ಬತ್ತಿ ಆರಿದ ಮೇಲೆ ನೀರು ಸರಕ್ಕನೆ ಏರುತ್ತದೆ. ಅಂದರೆ ಬೆಂಕಿಯ ಕಾವಿಗೆ ಒಳಗಿನ ಗಾಳಿ ಹಿಗ್ಗಿ ಒಂದಷ್ಟು ಹೊರಗೆ ಹೋಗಿರುತ್ತದೆ. ಬತ್ತಿ ಆರಿದಾಗ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ. ಹೊರಗಿನ ಗಾಳಿ ನೀರನ್ನು ಒಳಗೆ ಒತ್ತುತ್ತದೆ. ಮೂರು ಬತ್ತಿ ಅಂದರೆ ಕಾವು ಜಾಸ್ತಿ, ಹೊರಗೆ ಹೋಗುವ ಗಾಳಿಯೂ ಜಾಸ್ತಿ. ಆಮ್ಲಜನಕ ಪೂರ್ತಿ ಮುಗಿಯುವ ಮೊದಲೇ ಬತ್ತಿ ಆರಿರುತ್ತದೆ. ಮುಗಿದಷ್ಟರ ಬದಲಿಗೆ ಕಾರ್ಬನ್ ಡೈಆಕ್ಸೈಡ್ ಬೇರೆ ಹುಟ್ಟಿರುತ್ತದೆ. ನನ್ನ ಐದನೇ ಒಂದು ಭಾಗದ ಗೆರೆ ಬರೀ ಕಾಕತಾಳೀಯ.

ಮಾರನೇ ದಿನ ಕ್ಲಾಸಿನಲ್ಲಿ ‘ನಾನು ಹೇಳಿಕೊಟ್ಟಿದ್ದು ತಪ್ಪು’ ಅಂದೆ. ಆ ಹುಡುಗಿ ಹೆದರಿ ಎದ್ದು ನಿಂತಳು, ಬೈಯುತ್ತೇನೆ ಅಂದುಕೊಂಡಿರಬೇಕು. ಎಷ್ಟೋ ವಿಡಿಯೋಗಳಲ್ಲಿ ಈಗಲೂ ಅದೇ ಹಳೇ ವಿವರಣೆ ಕೊಡುತ್ತಾರೆ. ನಿನ್ನ ಮಗ ನೋಡಿರುತ್ತಾನೆ, ಕೇಳಿ ನೋಡು.

ಅದಕ್ಕೆ ನನ್ನದು ಒಂದೇ ಷರತ್ತು. ಏನೇ ಮಾಡುವ ಮೊದಲು ಅವನು ‘ಏನಾಗುತ್ತದೆ’ ಅಂತ ಒಂದು ನೋಟ್ ಬುಕ್ಕಿನಲ್ಲಿ ಬರೆಯಬೇಕು. ಪೆನ್ನಿನಲ್ಲಿ. ಪೆನ್ಸಿಲ್ ಕೊಟ್ಟರೆ ಆಮೇಲೆ ರಬ್ಬರ್ ಹಾಕಿ ಉಜ್ಜಿ ‘ನಂಗೆ ಗೊತ್ತಿತ್ತು’ ಅನ್ನುತ್ತಾನೆ. ನಿಮ್ಮಮ್ಮ ಚಿಕ್ಕವಳಿದ್ದಾಗ ಹಾಗೇ ಮಾಡುತ್ತಿದ್ದಳು.

ಮೊದಲನೇದು ಮೊಸರು. ಇವತ್ತೇ ಶುರು ಮಾಡಬಹುದು. ನಾಲ್ಕು ಸಣ್ಣ ಸ್ಟೀಲ್ ಬಟ್ಟಲು ತೆಗೆದುಕೋ, ಎಲ್ಲಾ ಒಂದೇ ಅಳತೆಯವು. ಅರ್ಧ ಲೀಟರ್ ಹಾಲು ಕಾಯಿಸು. ಒಂದನೇ ಬಟ್ಟಲಿಗೆ ಕುದಿಯುವ ಹಾಲೇ ಹಾಕಿ, ಬಿಸಿ ಇರುವಾಗಲೇ ಹೆಪ್ಪು ಹಾಕು. ಎರಡನೇದಕ್ಕೆ ಉಗುರು ಬೆಚ್ಚಗೆ ಆದ ಮೇಲೆ ಹೆಪ್ಪು. ಮೂರನೇದನ್ನು ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ, ಹೆಪ್ಪು ಹಾಕಿ ಮತ್ತೆ ಫ್ರಿಜ್ಜಿಗೇ ಇಡು. ನಾಲ್ಕನೇದು ಉಗುರು ಬೆಚ್ಚಗಿನ ಹಾಲು, ಹೆಪ್ಪೇ ಇಲ್ಲ. ಹೆಪ್ಪು ಮೊದಲ ಮೂರಕ್ಕೂ ಒಂದೊಂದೇ ಚಮಚ. ಬಟ್ಟಲಿಗೆ ನಂಬರ್ ಅಂಟಿಸುವುದು ಮರೆಯಬೇಡ. ಹೋದ ವರ್ಷ ಮೊಮ್ಮಗಳು ಇಲ್ಲಿ ಮಾಡಿದಾಗ ನಂಬರ್ ಹಾಕಿರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಬಟ್ಟಲು ಮೂರೇ ಇದೆ. ದೊಡ್ಡಪ್ಪ ರಾತ್ರಿ ಒಂದನ್ನು ಅನ್ನಕ್ಕೆ ಕಲಸಿಕೊಂಡಿದ್ದರು. ಯಾವುದು ಅಂತ ಅವರಿಗೂ ಗೊತ್ತಿಲ್ಲ.

ಬೆಳಿಗ್ಗೆ ಎರಡನೇದು ಮಾತ್ರ ಗಟ್ಟಿ ಮೊಸರಾಗಿರುತ್ತದೆ. ನಾಲ್ಕನೇದಕ್ಕೆ ಹೆಪ್ಪೇ ಇಲ್ಲ, ಅದು ಆಗದೇ ಇರುವುದು ಸರಿ. ಹೆಪ್ಪು ಹಾಕಿದ್ದರೂ ಒಂದನೇದು, ಮೂರನೇದು ಎರಡೂ ಆಗಿರುವುದಿಲ್ಲ. ಇಲ್ಲಿಗೇ ನಿಲ್ಲಿಸಿದರೆ ಕಿಟ್ಟಿನ ಪುಸ್ತಕದ ಹಾಗೇ ಆಯಿತು. ಈಗ ಅವನನ್ನು ಕೇಳು: ಹೆಪ್ಪು ಹಾಕಿಯೂ ಆಗದೇ ಇರುವ ಎರಡೂ ಒಂದೇ ಕಾರಣಕ್ಕೆ ಆಗಿಲ್ಲವಾ? ಅವನು ಏನೋ ಒಂದು ಬರೆಯಲಿ. ಆಮೇಲೆ ಎರಡನ್ನೂ ಅಡಿಗೆಮನೆ ಕಟ್ಟೆಯ ಮೇಲೆ ಪಕ್ಕಪಕ್ಕ ಇಡು. ಫ್ರಿಜ್ಜಿನಿಂದ ತೆಗೆದದ್ದು ಈ ಸೆಕೆಗೆ ಸಂಜೆಯೋ ರಾತ್ರಿಯೋ ಮೊಸರಾಗುತ್ತದೆ. ಬಿಸಿ ಹಾಲಿನದ್ದು ಆಗುವುದಿಲ್ಲ, ಕೆಡುತ್ತದೆ ಅಷ್ಟೇ. ಒಂದರಲ್ಲಿ ಹೆಪ್ಪಿನ ಬ್ಯಾಕ್ಟೀರಿಯಾ ಸತ್ತಿದ್ದವು, ಇನ್ನೊಂದರಲ್ಲಿ ಮಲಗಿದ್ದವು. ಇದನ್ನು ನೀನು ಹೇಳಬೇಡ, ಅವನ ಬಾಯಿಂದ ಬರಲಿ. ಎರಡು ದಿನ ಹಿಡಿದರೂ ಪರವಾಗಿಲ್ಲ.

ಅವನಿಗೆ ಹುಚ್ಚು ಹಿಡಿದರೆ ಮುಂದಿನ ಸಲ ಹೆಪ್ಪಿನ ಬದಲು ಹಸಿಮೆಣಸಿನಕಾಯಿ ತೊಟ್ಟು ಹಾಕಿ ನೋಡಲಿ. ಹೆಪ್ಪು ಮುಗಿದ ದಿನ ನಮ್ಮಮ್ಮ ಹಾಗೆ ಮಾಡುತ್ತಿದ್ದರು. ಕೆಲವು ಸಲ ಆಗುತ್ತಿತ್ತು, ಕೆಲವು ಸಲ ಇಲ್ಲ. ಎಷ್ಟು ತೊಟ್ಟು, ಎಷ್ಟು ಬಿಸಿ, ಎಷ್ಟು ಹೊತ್ತು ಅಂತ ಬರೆದಿಟ್ಟುಕೊಳ್ಳುವವರು ಯಾರಿದ್ದರು ಆಗ?

ಎರಡನೇದು ನಿನ್ನ ದೋಸೆ ಕಾವಲಿ. ದೋಸೆ ಹುಯ್ಯುವ ಮೊದಲು ನೀರು ಚಿಮುಕಿಸುತ್ತೀಯಲ್ಲ, ಅದೇ. ಕಾವಲಿ ಸ್ವಲ್ಪ ಕಾದಾಗ ಒಂದು ಹನಿ ಹಾಕು, ಚುಂಯ್ ಅಂತ ಕ್ಷಣದಲ್ಲಿ ಮಾಯ. ಇನ್ನೂ ಚೆನ್ನಾಗಿ ಕಾಯಿಸಿ ಹಾಕಿದರೆ ಎಷ್ಟು ಬೇಗ ಮಾಯವಾಗುತ್ತದೆ ಅಂತ ಕೇಳು. ‘ಇನ್ನೂ ಬೇಗ’ ಅನ್ನುತ್ತಾನೆ, ದೊಡ್ಡವರೂ ಅದೇ ಅನ್ನುತ್ತಾರೆ. ಕಾವಲಿ ಭರ್ತಿ ಕಾದಾಗ ಹಾಕಿ ನೋಡು. ಹನಿ ಮಣಿಯ ಹಾಗೆ ದುಂಡಗಾಗಿ ಕಾವಲಿ ತುಂಬ ಓಡಾಡುತ್ತದೆ. ಅವನು ಒಂದು, ಎರಡು, ಮೂರು ಅಂತ ಎಣಿಸಲಿ. ಜಾಸ್ತಿ ಕಾದ ಕಾವಲಿಯ ಮೇಲೆ ಹನಿ ಜಾಸ್ತಿ ಹೊತ್ತು ಬದುಕುತ್ತದೆ! ಹನಿಯ ತಳ ತಕ್ಷಣ ಆವಿಯಾಗಿ ಒಂದು ಹಾಸಿಗೆ ಆಗುತ್ತದೆ, ಹನಿ ಅದರ ಮೇಲೆ ತೇಲುತ್ತದೆ, ಕಾವು ಬೇಗ ತಾಕುವುದಿಲ್ಲ. ಲೈಡನ್‌ಫ್ರಾಸ್ಟ್ ಅಂತ ಜರ್ಮನಿಯ ವೈದ್ಯರೊಬ್ಬರು 1756ರಲ್ಲೇ ಇದನ್ನು ಬರೆದಿಟ್ಟರು, ಈಗಲೂ ಅವರ ಹೆಸರಿನಲ್ಲೇ ಕರೆಯುತ್ತಾರೆ. ಇದಕ್ಕೆ ಕಬ್ಬಿಣದ ಕಾವಲಿಯೇ ಬೇಕು. ನಾನ್‌ಸ್ಟಿಕ್ ಅಷ್ಟು ಕಾಯಿಸಬಾರದು, ಹೊಗೆ ಒಳ್ಳೆಯದಲ್ಲ. ನೀರು ಹಾಕುವವಳು ನೀನು, ಅವನು ಎರಡು ಹೆಜ್ಜೆ ದೂರ ನಿಂತು ಎಣಿಸುವವನು.

ಅರಿಶಿನ ಸುಣ್ಣದ್ದು ನಿನಗೇ ಗೊತ್ತು. ಆರತಿ ತಟ್ಟೆಯ ಕೆಂಪು ನೀರು ಅವನು ಹುಟ್ಟಿದಾಗಿನಿಂದ ನೋಡಿದ್ದಾನೆ. ಅದಕ್ಕೆ ನಿಂಬೆಹಣ್ಣು ಹಿಂಡಿಸು, ಮತ್ತೆ ಹಳದಿ ಆಗುತ್ತದೆ. ಸಾರು ಚೆಲ್ಲಿದ ಬಿಳಿ ಶರ್ಟಿಗೆ ಸೋಪು ಹಚ್ಚಿದರೆ ಕಲೆ ಯಾಕೆ ಕೆಂಪಾಗುತ್ತದೆ ಅಂತ ಆಮೇಲೆ ಕೇಳು. ಸುಣ್ಣದ ಕೈ ಕಣ್ಣಿಗೆ ಹೋಗದ ಹಾಗೆ ನೋಡಿಕೋ.

ಹುಷಾರು ಅಂದಾಗ ನೆನಪಾಯಿತು. ಟಾಯ್ಲೆಟ್ ಕ್ಲೀನರ್, ಬ್ಲೀಚಿಂಗ್ ಪೌಡರ್ ಇವುಗಳನ್ನು ‘ಮಿಕ್ಸ್ ಮಾಡಿದರೆ ಏನಾಗುತ್ತೆ’ ಅಂತ ಅವನು ಕೇಳುವ ಮೊದಲೇ ಕಪಾಟಿನ ಮೇಲೆ ಇಡು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಉಸಿರಿಗೆ ಅಪಾಯ. ಗೋಡೆಯ ಪ್ಲಗ್ಗಿನ ಕರೆಂಟ್ ಮುಟ್ಟುವ ಹಾಗೇ ಇಲ್ಲ. ಆಟಿಕೆಯೊಳಗಿನ ಬಟನ್ ಸೆಲ್ ನಿನ್ನ ಚಿಕ್ಕವಳ ಕೈಗೆ ಸಿಗಬಾರದು, ನುಂಗಿದರೆ ಗಂಟಲು ಸುಟ್ಟುಹೋಗುತ್ತದೆ.

ಕಟ್ಟುವ ಆಟ ಇಷ್ಟ ಅಂದರೆ ಸೈಕಲ್ ಅಂಗಡಿಯಲ್ಲಿ ಒಂದು ಮೀಟರ್ ವಾಲ್ವ್ ಟ್ಯೂಬ್, ಅಂದರೆ ಸಣ್ಣ ರಬ್ಬರ್ ಕೊಳವೆ, ತಾ. ಸಣ್ಣ ಸಣ್ಣ ತುಂಡು ಮಾಡಿ, ಮದ್ದು ಕೆರೆದು ತೆಗೆದ ಬೆಂಕಿಕಡ್ಡಿಗಳನ್ನು ಎರಡೂ ಕಡೆಯಿಂದ ತೂರಿಸಿದರೆ ಜಾಯಿಂಟ್ ಆಯಿತು. ಅರವಿಂದ ಗುಪ್ತಾ ಇದ್ದಾರಲ್ಲ, ಕಾನ್ಪುರ ಐಐಟಿಯಲ್ಲಿ ಓದಿ, ಕಸದಿಂದ ಆಟಿಕೆ ಮಾಡುವುದನ್ನೇ ಕೆಲಸ ಮಾಡಿಕೊಂಡವರು, 2018ರಲ್ಲಿ ಪದ್ಮಶ್ರೀ ಬಂತು, ಅವರದ್ದು ಈ ಉಪಾಯ. ಮಧ್ಯಪ್ರದೇಶದ ಹೋಶಂಗಾಬಾದ್ ಕಡೆ ಸರ್ಕಾರಿ ಶಾಲೆಗಳಲ್ಲಿ 1972ರಿಂದ ನಡೆದ ವಿಜ್ಞಾನ ಕಲಿಕೆಯ ಕೆಲಸದಲ್ಲಿ ಸೇರಿಕೊಂಡಿದ್ದಾಗ ಶುರು ಮಾಡಿದ್ದಂತೆ. ಒಂದು ತ್ರಿಕೋನ, ಒಂದು ಚೌಕ ಮಾಡಿಸು. ಚೌಕವನ್ನು ಒತ್ತಿದರೆ ಸೊಟ್ಟಗಾಗುತ್ತದೆ, ತ್ರಿಕೋನ ಜಪ್ಪಯ್ಯ ಅನ್ನುವುದಿಲ್ಲ. ಆಮೇಲೆ ಅವನೇ ಮೊಬೈಲ್ ಟವರಿನಲ್ಲಿ, ರೈಲ್ವೆ ಸೇತುವೆಯಲ್ಲಿ ತ್ರಿಕೋನ ಎಣಿಸಿ ನಿನ್ನ ತಲೆ ತಿನ್ನುತ್ತಾನೆ.

ಇನ್ನು ನಿನ್ನ ಕಾಮರ್ಸ್ ವಿಷಯ. ನಿನಗೆ ಉತ್ತರ ಗೊತ್ತಿಲ್ಲದೆ ಇರುವುದು ಅವನ ಅದೃಷ್ಟ. ಗೊತ್ತಿದ್ದರೆ ತಡೆದುಕೊಳ್ಳೋಕೆ ಆಗುವುದಿಲ್ಲ, ಬಾಯಿಗೆ ಬಂದುಬಿಡುತ್ತದೆ. ನನಗೆ ಇವತ್ತಿಗೂ ಆ ಚಟ ಇದೆ. ಅವನು ‘ಯಾಕೆ’ ಅಂದಾಗ ‘ಏನು ಮಾಡಿ ನೋಡಿದರೆ ಗೊತ್ತಾಗುತ್ತೆ?’ ಅಂತ ಕೇಳು, ಸಾಕು. ಎಲ್ಲಾ ‘ಯಾಕೆ’ಗೂ ಅಲ್ಲ ಮತ್ತೆ, ನಿನಗೂ ಅಡಿಗೆ ಆಗಬೇಕಲ್ಲ.

ಕೊನೇದು, ಇದಕ್ಕೆ ದಿನಾಂಕ ಇದೆ. ಇವತ್ತು ಏಪ್ರಿಲ್ 12. 24ಕ್ಕೆ ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ. ಮಧ್ಯಾಹ್ನ 12 ಗಂಟೆ 17 ನಿಮಿಷದ ಆಸುಪಾಸು ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ದಿನಾ ಮಧ್ಯಾಹ್ನ ನೆರಳು ಕಾಲಡಿಗೆ ಬರುತ್ತದೆ ಅಂತ ನಾವು ಸುಮ್ನೆ ಅಂದುಕೊಂಡಿದ್ದೇವೆ. ನಿಜಕ್ಕೂ ಬರುವುದು ವರ್ಷಕ್ಕೆ ಎರಡೇ ದಿನ, ಇನ್ನೊಂದು ಆಗಸ್ಟ್ 18. ಟೆರೇಸಿನಲ್ಲಿ ಜೇಡಿಮಣ್ಣಿನ ಉಂಡೆಗೆ ಒಂದಡಿ ಸ್ಕೇಲು ನೆಟ್ಟಗೆ ಚುಚ್ಚಿಸು. ನೇರ ಇದೆಯಾ ಅಂತ ದಾರಕ್ಕೆ ಬೀಗದಕೈ ಕಟ್ಟಿ ಇಳಿಬಿಟ್ಟು ನೋಡಲಿ. ಇವತ್ತು ಅದೇ ಹೊತ್ತಿಗೆ ಅಳೆದರೆ ನೆರಳು ಎರಡು ಸೆಂಟಿಮೀಟರ್ ಚಿಲ್ಲರೆ ಇರುತ್ತದೆ, ಉತ್ತರಕ್ಕೆ. ದಿನಾ ಒಂದೇ ಹೊತ್ತಿಗೆ ಅಳೆದು ಬರೆಯಲಿ. ನೆರಳು ಸೊನ್ನೆಯಾದ ಮೇಲೆ ಮಾರನೇ ದಿನದಿಂದ ಯಾವ ಕಡೆ ಬೀಳುತ್ತದೆ, ಅದನ್ನು ಮೊದಲೇ ಪೆನ್ನಿನಲ್ಲಿ ಬರೆಸು. ದಕ್ಷಿಣಕ್ಕೆ. ಅವನಿಗೆ ಹೇಳೀಯ ಮತ್ತೆ.

24ಕ್ಕೆ ನಾನೂ ಇಲ್ಲಿ ಶಿವಮೊಗ್ಗದಲ್ಲಿ ಅಂಗಳದಲ್ಲಿ ಸ್ಕೇಲು ನಿಲ್ಲಿಸಿಕೊಂಡು ಕೂರುತ್ತೇನೆ. 12:17ಕ್ಕೆ ವಿಡಿಯೋ ಕಾಲ್ ಮಾಡಿಸು. ಅವನದ್ದು ಸೊನ್ನೆ ಆದಾಗ ನನ್ನದು ಇನ್ನೂ ಒಂದು ಸೆಂಟಿಮೀಟರಿನಷ್ಟು ಇರುತ್ತದೆ. ಅಜ್ಜಿಯ ಸ್ಕೇಲು ಸೊಟ್ಟ ಇದೆ ಅಂತ ಮೊದಲು ಜಗಳ ಆಡುತ್ತಾನೆ, ಆಡಲಿ. ನಮ್ಮೂರು ನಿಮಗಿಂತ ಪಶ್ಚಿಮಕ್ಕೆ, ಅದಕ್ಕೆ ಇಲ್ಲಿ ಮಧ್ಯಾಹ್ನವೇ ಎಂಟು ನಿಮಿಷ ತಡ. ಸ್ವಲ್ಪ ಉತ್ತರಕ್ಕೂ ಇದೆ, ಹಾಗಾಗಿ ನಮ್ಮ ಸೊನ್ನೆ ದಿನ ಮೂರ್ನಾಲ್ಕು ದಿನ ಬಿಟ್ಟು. ಅಟ್ಲಾಸ್ ತೆಗೆದು ಹುಡುಕುತ್ತಾನಾ ನೋಡೋಣ.

ಮಾವ ಕೊಡುವ ದುಡ್ಡಿನಲ್ಲಿ ಅಡಿಗೆಗೆ ಬಳಸುವ ಒಂದು ಥರ್ಮಾಮೀಟರ್ ತರಿಸು, ಉಗುರು ಬೆಚ್ಚಗೆ ಅಂದರೆ ಎಷ್ಟು ಡಿಗ್ರಿ ಅಂತ ಅಳೆಯೋಕೆ ಬೇಕಾಗುತ್ತದೆ. ಉಳಿದದ್ದು ಹಾಲಿಗೆ. ಅವನಿಗೆ ಮಾತ್ರ ವಾಪಸ್ ಕೊಡಬೇಡ.