ಅಪ್‌ಡೇಟ್: ಪಿಸ್ಟನ್ ಪಿನ್ ಕೊನೆಗೂ ಕೂತಿತು

ಹೋದ ವಾರ ಕೇಳಿದ್ದೆನಲ್ಲ, ನಮ್ಮ ತರಬೇತಿಯ ಲೈಕಮಿಂಗ್ ಓ-320 ಎಂಜಿನ್‌ನಲ್ಲಿ (ಸಣ್ಣ ವಿಮಾನಗಳ ನಾಲ್ಕು ಸಿಲಿಂಡರ್ ಎಂಜಿನ್) ಮೂರನೇ ಪಿಸ್ಟನ್‌ನ ಪಿನ್ ಅರ್ಧಕ್ಕೇ ನಿಂತಿದೆ, ಕನೆಕ್ಟಿಂಗ್ ರಾಡ್‌ಗೆ ಸೇರುತ್ತಲೇ ಇಲ್ಲ ಅಂತ. ಪಿಸ್ಟನ್ ಅನ್ನು ಆ ರಾಡ್‌ಗೆ ಜೋಡಿಸುವುದೇ ಈ ಪಿನ್. ಕೆಲಸ ಆಯಿತು!

ಪಿನ್ ಅನ್ನು ಫ್ರೀಜರ್‌ನಲ್ಲಿಡುವ ಸಲಹೆ ಫಲಿಸಲಿಲ್ಲ. ಹೊರಗೆ ತೆಗೆದ ಕೂಡಲೇ ಮೈತುಂಬಾ ನೀರಿನ ಹನಿ, ಒರೆಸುವಷ್ಟರಲ್ಲಿ ತಣ್ಣಗಿದ್ದದ್ದೂ ಹೋಯಿತು. ಸುಮ್ನೆ ಸುತ್ತಿಗೆಯಲ್ಲಿ ತಟ್ಟು ಅಂದವರ ಮಾತು ಕೇಳದಿದ್ದದ್ದೇ ಒಳ್ಳೆಯದಾಯಿತು, ರಾಡ್ ಬಾಗಿದ್ದರೆ ಯಾರು ಉತ್ತರ ಕೊಡೋದು?

ಪಿಸ್ಟನ್ ಬಿಸಿ ಮಾಡಿ ಅಂದಿದ್ದು ಕೆಲಸ ಮಾಡಿತು. ಪಿಸ್ಟನ್ ಅಲ್ಯೂಮಿನಿಯಂ, ಪಿನ್ ಉಕ್ಕು; ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ, ಅಲ್ವಾ? ಬಿಸಿನೀರಲ್ಲಿ ಹತ್ತು ನಿಮಿಷ ಇಟ್ಟು, ಚೆನ್ನಾಗಿ ಒರೆಸಿ, ಪಿನ್‌ಗೆ ಎಣ್ಣೆ ಸವರಿದೆ. ಹೆಬ್ಬೆರಳಲ್ಲಿ ಒತ್ತಿದ್ದಕ್ಕೇ ಸರ್ರನೆ ಜಾರಿತು. ಅಷ್ಟು ಹೊತ್ತೂ ರಾಡ್ ಕ್ರ್ಯಾಂಕ್‌ಕೇಸ್‌ಗೆ (ಎಂಜಿನ್‌ನ ಮುಖ್ಯ ಕವಚಕ್ಕೆ) ಬಡಿಯದಂತೆ ರಬ್ಬರ್ ಬ್ಯಾಂಡ್ ಕಟ್ಟಿದ್ದೆ. ಅದೂ ಇಲ್ಲಿಯವರೇ ಹೇಳಿದ್ದು.

ಇನ್ನೊಂದು ವಿಷಯ. ಒರೆಸುವಾಗ ನೋಡಿದರೆ ಪಿಸ್ಟನ್ ಸುತ್ತ ಕೂರುವ ರಿಂಗ್‌ಗಳಲ್ಲಿ ಒಂದು ತಲೆಕೆಳಗು! ಗುರುತಿರುವ ಬದಿ ಪಿಸ್ಟನ್ ತಲೆಯ ಕಡೆ ಇರಬೇಕು. ಪಿನ್ ಸಿಕ್ಕಿಕೊಳ್ಳದಿದ್ದರೆ ಅದನ್ನು ಹಾಗೇ ಸಿಲಿಂಡರ್ ಒಳಗೆ ತಳ್ಳಿಬಿಡುತ್ತಿದ್ದೆ. ಈಗ ಮಿಕ್ಕ ಮೂರು ಪಿಸ್ಟನ್‌ಗಳನ್ನೂ ಬಿಚ್ಚಿ ನೋಡುತ್ತಿದ್ದೇನೆ.